ಹಳ್ಳಿಯ ಮನೆಮನೆಗೆ ಫೈಬರ್: ಜಾಲದ ವಿನ್ಯಾಸ ಹೇಗೆ?

ಮಲೆನಾಡಿನ ಒಂದು ಗ್ರಾಮ ಪಂಚಾಯಿತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2011ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಪಡೆದು, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯಲ್ಲಿ ಪಂಚಾಯಿತಿ ಕಚೇರಿಯವರೆಗೆ ಆಪ್ಟಿಕಲ್ ಫೈಬರ್ ಕೇಬಲ್ ಬಂದಿದೆ. ಅಲ್ಲಿಂದ ಮುಂದೆ, ಅಡಿಕೆ ತೋಟಗಳ ನಡುವೆ ಚದುರಿ ನಿಂತ ಮನೆಗಳಿಗೆ ಸಂಪರ್ಕ ಕೊಡುವ ಜಾಲವನ್ನು ವಿನ್ಯಾಸ ಮಾಡಬೇಕಾಗಿದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಅಥವಾ ಐಟಿಐ ಓದಿ ಈ ಕ್ಷೇತ್ರಕ್ಕೆ ಬರಬೇಕೆನ್ನುವ ಯುವಕ ಯುವತಿಯರು ಕಲಿಯಬೇಕಾದ ವಿದ್ಯೆಗಳೆಲ್ಲ ಇಂಥ ಒಂದೇ ಕೆಲಸದಲ್ಲಿ ಎದುರಾಗುತ್ತವೆ.

ಮೊದಲ ಹಂತ, ದಾರಿಯನ್ನು ನಡೆದು ನೋಡುವುದು. ಉಪಗ್ರಹ ಚಿತ್ರದ ಮೇಲೆ ಕ್ಯೂಜಿಐಎಸ್‌ನಂತಹ ಉಚಿತ ತಂತ್ರಾಂಶದಲ್ಲಿ ಮನೆ, ರಸ್ತೆ, ಕಂಬಗಳನ್ನು ಗುರುತಿಸಿಕೊಂಡು ಕರಡು ನಕ್ಷೆ ಮಾಡಿಕೊಳ್ಳಬಹುದು. ಆದರೆ ಮರಗಳ ನೆರಳಿನಡಿ ಹಾದುಹೋಗುವ ಹಳ್ಳ, ಮೋರಿ, ಕುಡಿಯುವ ನೀರಿನ ಪೈಪು, ಜಂಬಿಟ್ಟಿಗೆಯ ಗಟ್ಟಿ ನೆಲ ಇವಾವುವೂ ಆ ಚಿತ್ರದಲ್ಲಿ ಕಾಣುವುದಿಲ್ಲ. ಸರ್ಕಾರಿ ಕಾಮಗಾರಿಗಳಲ್ಲಿ ಕೇಬಲ್ಲಿನ ಕಾಲುವೆಯನ್ನು 1.65 ಮೀಟರ್ ಆಳ ತೋಡುವ ಪದ್ಧತಿ ಬಹುಕಾಲದಿಂದ ಇದೆ. ಜಂಬಿಟ್ಟಿಗೆಯಲ್ಲಿ ಅಷ್ಟು ಆಳ ಹೋಗುವುದು ದುಬಾರಿ. ಕಂಬದ ಮೇಲೆ ಎಳೆದರೆ ಮಳೆಗಾಲದಲ್ಲಿ ಮರ ಬಿದ್ದು ಹರಿಯುವ ಭಯ. ಎಲ್ಲಿ ಹೂಳಬೇಕು, ಎಲ್ಲಿ ಕಂಬಕ್ಕೆ ಕಟ್ಟಬೇಕು ಎಂಬುದನ್ನು ಆ ದಾರಿಯಲ್ಲಿ ನಿಂತೇ ತೀರ್ಮಾನಿಸಬೇಕು. ರಸ್ತೆ ಅಗಲ ಮಾಡುವ ಯೋಜನೆ ಇದೆಯೇ ಎಂದು ಲೋಕೋಪಯೋಗಿ ಇಲಾಖೆಯಲ್ಲಿ ವಿಚಾರಿಸದೆ ರಸ್ತೆ ಬದಿಗೆ ಗೆರೆ ಎಳೆಯುವುದು, ನನ್ನ ದೃಷ್ಟಿಯಲ್ಲಿ, ವಿನ್ಯಾಸಕಾರ ಮಾಡಬಹುದಾದ ಅತಿ ದುಬಾರಿ ತಪ್ಪು.

ಅನುಮತಿಯ ಕಾಗದಪತ್ರಗಳನ್ನೂ ಈ ಹಂತದಲ್ಲೇ ಆರಂಭಿಸಬೇಕು. 2023ರ ದೂರಸಂಪರ್ಕ ಕಾಯ್ದೆಯಡಿ ರೂಪಿಸಿದ ಮಾರ್ಗಹಕ್ಕಿನ, ಅಂದರೆ ಬೇರೆಯವರ ಜಾಗದಲ್ಲಿ ಕೇಬಲ್ ಹಾಯಿಸುವ ಹಕ್ಕಿನ, ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ದಾರಿ ಕಾಡಿನ ಜಾಗವನ್ನು ಮುಟ್ಟಿದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇರೆಯೇ ಬೇಕು.

ಎರಡನೆಯದು ಬೆಳಕಿನ ಲೆಕ್ಕ. ಇದು ವಿನ್ಯಾಸದ ಜೀವಾಳ, ಕೂಡುವುದು ಕಳೆಯುವುದು ಬಂದವರಿಗೆ ಕಷ್ಟವೂ ಅಲ್ಲ. ಬೆಳಕಿನ ನಷ್ಟವನ್ನು ಡೆಸಿಬೆಲ್ ಅಂದರೆ ಡಿಬಿಯಲ್ಲಿ ಅಳೆಯುತ್ತಾರೆ. ಪ್ರತಿ 3 ಡಿಬಿ ನಷ್ಟಕ್ಕೆ ಬೆಳಕಿನ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಂದೇ ಫೈಬರಿನ ಬೆಳಕನ್ನು ಹಲವು ಮನೆಗಳಿಗೆ ಹಂಚಲು ಸಾಮಾನ್ಯವಾಗಿ ಬಳಸುವ ಜಿಪಾನ್ ತಂತ್ರಜ್ಞಾನದಲ್ಲಿ, ಬಿ ಪ್ಲಸ್ ದರ್ಜೆಯ ಉಪಕರಣಗಳಿದ್ದರೆ, ಕಚೇರಿಯ ಉಪಕರಣದಿಂದ ಮನೆಯ ಪೆಟ್ಟಿಗೆಯವರೆಗೆ ಒಟ್ಟು ನಷ್ಟ 28 ಡಿಬಿ ಮೀರಬಾರದು. ನಮ್ಮ ಹಳ್ಳಿಯ ಕೊನೆಯ ಮನೆ 8 ಕಿಲೋಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. 1310 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಕಿಲೋಮೀಟರಿಗೆ 0.35 ಡಿಬಿ ಹಿಡಿದರೆ ಫೈಬರಿನ ನಷ್ಟ 2.8. ಒಂದು ಫೈಬರನ್ನು ನಾಲ್ಕಾಗಿಸುವ ಸ್ಪ್ಲಿಟರಿಗೆ 7.2, ಆ ನಾಲ್ಕರಲ್ಲಿ ಪ್ರತಿಯೊಂದನ್ನೂ ಎಂಟಾಗಿಸುವ ಸ್ಪ್ಲಿಟರಿಗೆ 10.5. ಹತ್ತು ಜಾಯಿಂಟ್‌ಗಳಿಗೆ 0.1ರಂತೆ 1, ನಾಲ್ಕು ಕನೆಕ್ಟರ್‌ಗಳಿಗೆ 0.5ರಂತೆ 2. ಕೂಡಿದರೆ 23.5 ಡಿಬಿ. ಮುಂದೆ ಕೇಬಲ್ ಕಡಿದಾಗಲೆಲ್ಲ ಹೊಸ ಜಾಯಿಂಟ್ ಸೇರುತ್ತದೆ. ಅದಕ್ಕಾಗಿ 3 ಡಿಬಿ ಮೀಸಲಿಟ್ಟರೂ 26.5 ಆಗುತ್ತದೆ, ಜಾಲ ನಡೆಯುತ್ತದೆ. ಅದೇ ಮನೆ 14 ಕಿಲೋಮೀಟರ್ ದೂರದಲ್ಲಿದ್ದರೆ ಲೆಕ್ಕ 28.6ಕ್ಕೆ ಹೋಗುತ್ತದೆ. ಆಗ ಮೀಸಲನ್ನು ತಿನ್ನುವುದಕ್ಕಿಂತ ಆ ದಿಕ್ಕಿನ ಸ್ಪ್ಲಿಟರನ್ನು ಚಿಕ್ಕದು ಮಾಡಿ, ಅಲ್ಲಿ ಕಡಿಮೆ ಮನೆಗಳನ್ನು ಸೇರಿಸುವುದು ಲೇಸು.

ಸ್ಪ್ಲಿಟರ್ ಎಲ್ಲಿ ಕೂರಬೇಕು ಎಂಬುದು ಊರಿನ ಸ್ವರೂಪವನ್ನು ಅವಲಂಬಿಸಿದೆ. ಬಯಲುಸೀಮೆಯಲ್ಲಿ ಮನೆಗಳು ಒತ್ತಾಗಿರುವುದರಿಂದ ಊರ ನಡುವಿನ ಒಂದೇ ಪೆಟ್ಟಿಗೆಯಲ್ಲಿ ಮೂವತ್ತೆರಡು ಭಾಗ ಮಾಡಿದರೂ ಸಾಕಾಗುತ್ತದೆ. ಮಲೆನಾಡಿನಲ್ಲಿ ಹಾಗೆ ಮಾಡಿದರೆ ಮನೆಮನೆಗೂ ಉದ್ದುದ್ದ ಕೇಬಲ್ ಎಳೆಯಬೇಕಾಗುತ್ತದೆ. ಆದ್ದರಿಂದ ಮೇಲಿನ ಲೆಕ್ಕದಲ್ಲಿದ್ದಂತೆ ಎರಡು ಹಂತಗಳಲ್ಲಿ ಒಡೆದು, ಎಂಟರ ಸ್ಪ್ಲಿಟರನ್ನು ಆಯಾ ಕೇರಿಯ ತಿರುವಿನಲ್ಲಿ ಇಡುವುದು ಒಳ್ಳೆಯದು. ಮುಖ್ಯ ಕೇಬಲ್ಲಿಗೆ ಜಿ.652.ಡಿ ಎಂಬ ಸಾಮಾನ್ಯ ಬಗೆಯ ಫೈಬರ್ ಸಾಕು. ಮನೆಯೊಳಗೆ ಮೂಲೆಗಳಲ್ಲಿ ಬಾಗಿಸಬೇಕಾದಲ್ಲಿ ಬಾಗುವಿಕೆ ತಾಳುವ ಜಿ.657 ಬಗೆಯದನ್ನು ಆರಿಸಬೇಕು.

ಮೂರನೆಯದು ಕೈಕೆಲಸದ ಅರಿವು. ವಿನ್ಯಾಸಕಾರರು ಒಮ್ಮೆಯಾದರೂ ಫೈಬರ್ ಎಳೆಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಯಂತ್ರದ ಮುಂದೆ ಕೂರಬೇಕು. ಬಣ್ಣದ ಲೇಪ ಸುಲಿದಾಗ ಉಳಿಯುವ ಗಾಜಿನ ಎಳೆಯ ದಪ್ಪ 125 ಮೈಕ್ರಾನ್. ಬೆಳಕು ಹರಿಯುವ ಅದರ ತಿರುಳು ಸುಮಾರು 9 ಮೈಕ್ರಾನ್ ಮಾತ್ರ. ಸ್ಪಿರಿಟ್ಟಿನಲ್ಲಿ ಒರೆಸಿ, ಕ್ಲೀವರಿನಲ್ಲಿ ನೇರವಾಗಿ ಕತ್ತರಿಸಿ ಎರಡು ಎಳೆಗಳನ್ನು ಎದುರುಬದುರು ಇಟ್ಟಾಗ, ತುದಿಗಂಟಿದ ಒಂದು ದೂಳಿನ ಕಣವೂ ಪರದೆಯ ಮೇಲೆ ದೊಡ್ಡ ಕಲೆಯಾಗಿ ಕಾಣುತ್ತದೆ. ಅದನ್ನು ಕಣ್ಣಾರೆ ಕಂಡವರು ಕೆಸರು ತುಂಬುವ ಚರಂಡಿಯ ಪಕ್ಕದಲ್ಲಿ ಜಾಯಿಂಟ್ ಇಡುವ ನೆಲದಡಿಯ ತೊಟ್ಟಿಗೆ, ಅಂದರೆ ಚೇಂಬರಿಗೆ, ಜಾಗ ಗುರುತಿಸುವುದಿಲ್ಲ. ಪ್ರತಿ ಜಾಯಿಂಟಿನಲ್ಲೂ ಕೇಬಲನ್ನು ಮೇಲೆತ್ತಿ ವಾಹನದೊಳಗೆ ಕೂತು ಜೋಡಿಸುವಷ್ಟು ಹೆಚ್ಚುವರಿ ಸುರುಳಿಯನ್ನು ನಕ್ಷೆಯಲ್ಲೇ ಬರೆದಿಡುತ್ತಾರೆ.

ಕೊನೆಯ ಹಂತ ಪರೀಕ್ಷೆ ಮತ್ತು ದಾಖಲೆ. ಕೇಬಲ್ ಹಾಕಿದ ಮೇಲೆ ಫೈಬರಿನೊಳಗೆ ಬೆಳಕಿನ ಮಿಡಿತ ಕಳಿಸಿ, ಮರಳಿ ಬರುವ ಬೆಳಕಿನಿಂದ ನಷ್ಟವನ್ನೂ ಅದರ ದೂರವನ್ನೂ ತೋರಿಸುವ ಓಟಿಡಿಆರ್ ಉಪಕರಣದಿಂದ ಪ್ರತಿ ಎಳೆಯನ್ನೂ ಎರಡೂ ತುದಿಗಳಿಂದ, 1310 ಮತ್ತು 1550 ನ್ಯಾನೊಮೀಟರ್ ಎರಡರಲ್ಲೂ ಅಳೆಯಬೇಕು. ಕೇಬಲ್ ಎಲ್ಲಾದರೂ ಬಿಗಿಯಾಗಿ ಬಾಗಿದ್ದರೆ 1550ರಲ್ಲಿ ನಷ್ಟ ಹೆಚ್ಚಾಗಿ ಕಾಣುವುದರಿಂದ ಅದರ ಜಾಗ ಪತ್ತೆಯಾಗುತ್ತದೆ. ಆಮೇಲೆ ನೆಲದಲ್ಲಿ ನಿಜವಾಗಿ ಹಾಕಿದಂತೆ ನಕ್ಷೆಯನ್ನು ತಿದ್ದಬೇಕು: ಮೋರಿಯಿಂದ ಎಷ್ಟು ಮೀಟರ್, ಎಷ್ಟು ಆಳ, ಎಲ್ಲಿ ಎಷ್ಟು ಸುರುಳಿ, ಯಾವ ಬಣ್ಣದ ಎಳೆ ಯಾವ ಕೇರಿಗೆ. ಮಳೆಗಾಲದ ಒಂದು ರಾತ್ರಿ ಜೆಸಿಬಿ ತಗುಲಿ ಕೇಬಲ್ ಹರಿದಾಗ ಓಟಿಡಿಆರ್ 3,420 ಮೀಟರ್ ಎಂದು ತೋರಿಸುತ್ತದೆ. ಅದು ಫೈಬರಿನ ಉದ್ದವೇ ಹೊರತು ರಸ್ತೆಯ ದೂರವಲ್ಲ. ಆ ನಡುವೆ ನಾಲ್ಕು ಚೇಂಬರುಗಳಲ್ಲಿ ಇಪ್ಪತ್ತಿಪ್ಪತ್ತು ಮೀಟರ್ ಸುರುಳಿ ಇದೆ ಎಂದು ದಾಖಲೆಯಲ್ಲಿದ್ದರೆ, ದುರಸ್ತಿಗೆ ಬಂದವರು 3,340 ಮೀಟರಿನ ಆಸುಪಾಸಿನಲ್ಲಿ ಟಾರ್ಚ್ ಹಿಡಿದು ಹುಡುಕಲು ಶುರುಮಾಡುತ್ತಾರೆ.