ವೇಗದ ಗ್ಯಾಂಗನ್ನು ತಡವಾಗಿ ಇಳಿಸುವುದು: ನನ್ನ ಅನುಭವ

ಒಂದೇ ತರದ ಮಹಡಿಗಳಿರುವ ಕಟ್ಟಡ ಕೈಗೆ ಬಂದರೆ ನಾನು ಮೊದಲು ತೆಗೆಯುವುದು ಗ್ರಾಫ್ ಹಾಳೆ. ಅಡ್ಡಕ್ಕೆ ದಿನ, ಉದ್ದಕ್ಕೆ ಮಹಡಿ. ಒಂದೊಂದು ಕೆಲಸಕ್ಕೂ ಒಂದೊಂದು ಓರೆ ಗೆರೆ. ಲೈನ್ ಆಫ್ ಬ್ಯಾಲೆನ್ಸ್ ಅನ್ನುವುದು ಇದನ್ನೇ. 1940ರ ದಶಕದಲ್ಲಿ ಗುಡ್‌ಇಯರ್ ಕಂಪನಿಯಲ್ಲಿ ಹುಟ್ಟಿದ್ದು. ಕಟ್ಟಡದವರ ಕೈಗೆ ಬಂದದ್ದು ಆಮೇಲೆ.

ಕೆಲಸಗಳನ್ನು ಒಂದರ ಹಿಂದೊಂದು ಜೋಡಿಸುವ ಇನ್ನೊಂದು ವಿಧಾನ ಸಿಪಿಎಂ (ಕ್ರಿಟಿಕಲ್ ಪಾತ್ ಮೆಥಡ್). ಅದು ಕೆಟ್ಟದ್ದೇನಲ್ಲ. ಯಾವುದಾದ ಮೇಲೆ ಯಾವುದು ಅಂತ ಸರಿಯಾಗಿ ಹೇಳುತ್ತದೆ. ಆದರೆ ಒಂದು ಮಹಡಿ ಮುಗಿಸಿದ ಗ್ಯಾಂಗಿಗೆ ಮುಂದಿನ ಮಹಡಿ ಸಿದ್ಧವಿದೆಯಾ, ಇಲ್ಲ ಸುಮ್ನೆ ಕೂರಬೇಕಾ? ಆ ಚಿಂತೆ ಅದಕ್ಕಿಲ್ಲ.

20 ಮಹಡಿ ಇದೆ ಅಂದುಕೊಳ್ಳಿ. ಬ್ಲಾಕ್ ಕೆಲಸಕ್ಕೆ ಮಹಡಿಗೆ 5 ದಿನ, ಪ್ಲಾಸ್ಟರಿಂಗ್‌ಗೆ 4 ದಿನ. ಮೊದಲ ಮಹಡಿಯ ಗೋಡೆ ಎದ್ದ ಕೂಡಲೇ ಪ್ಲಾಸ್ಟರಿಂಗ್ ಗ್ಯಾಂಗ್ ಇಳಿಸಿದರೆ ಪ್ರತಿ ಮಹಡಿಗೂ ಒಂದು ದಿನ ಕಾಯಬೇಕು. ಒಟ್ಟು 19 ದಿನ ದಂಡ. ಮುಗಿಯುವುದು 104ನೇ ದಿನ. ಅದೇ ಗ್ಯಾಂಗನ್ನು ಬ್ಲಾಕ್ ಕೆಲಸ ಶುರುವಾಗಿ 24 ದಿನ ಕಳೆದ ಮೇಲೆ ಕರೆಸಿ. ಎಲ್ಲೂ ನಿಲ್ಲದೆ ಮೇಲಕ್ಕೆ ಹೋಗುತ್ತದೆ. ಮುಗಿಯುವುದು ಆಗಲೂ 104ನೇ ದಿನವೇ!

ಹಿಂದಿನಿಂದ ಬರುವ ಕೆಲಸ ವೇಗದ್ದಾದರೆ ಎರಡು ಗೆರೆ ಹತ್ತಿರವಾಗುವುದು ಕೊನೆಯ ಮಹಡಿಯಲ್ಲಿ. ಹಾಗಾಗಿ ಅಲ್ಲಿಂದ ಕೆಳಕ್ಕೆ ಲೆಕ್ಕ ಹಾಕುತ್ತೇನೆ: ಕೊನೆಯ ಗೋಡೆ ಮುಗಿಯುವ 100ನೇ ದಿನದಿಂದ ಕೆಳಗಿನ 19 ಮಹಡಿಯ ಪ್ಲಾಸ್ಟರಿಂಗ್‌ನ 76 ದಿನ ಕಳೆದರೆ 24. ಗೋಡೆಗೆ ನೀರುಣಿಸಿ ಗಟ್ಟಿಯಾಗಲು ಬಿಡುವ ಕ್ಯೂರಿಂಗಿಗೆ 7 ದಿನ ಬಿಡಬೇಕಾದರೆ ಅದನ್ನೂ ಅಲ್ಲೇ ಸೇರಿಸುತ್ತೇನೆ. 24 ಇದ್ದದ್ದು 31 ಆಗುತ್ತದೆ. ಟೈಲ್ಸ್‌ಗೆ ಮಹಡಿಗೆ 6 ದಿನ ಬೇಕಾದರೆ ಕಥೆ ಉಲ್ಟಾ. ನಿಧಾನದ ಕೆಲಸವಾದ್ದರಿಂದ ಮೊದಲ ಮಹಡಿ ಸಿಕ್ಕ ತಕ್ಷಣ ಶುರು ಮಾಡಬಹುದು.

ಕಷ್ಟ ಇರುವುದು ಲೆಕ್ಕದಲ್ಲಲ್ಲ, ಒಪ್ಪಿಸುವುದರಲ್ಲಿ. 'ಕೆಳಗೆ ನಾಲ್ಕು ಮಹಡಿ ಖಾಲಿ ಬಿದ್ದಿದೆ, ಯಾಕ್ರೀ ಪ್ಲಾಸ್ಟರಿಂಗ್ ಶುರು ಮಾಡಿಲ್ಲ?' ಅಂತ ಮಾಲೀಕರು ಕೇಳಿಯೇ ಕೇಳುತ್ತಾರೆ. ಆಗ ಹಾಳೆ ಮುಂದಿಡುತ್ತೇನೆ. ಎರಡು ಗೆರೆ ಮೇಲೆ ಹೋಗಿ ಕೂಡುವುದು ಕಣ್ಣಿಗೆ ಕಾಣುತ್ತದೆ, ಮಾತು ಜಾಸ್ತಿ ಬೇಕಾಗುವುದಿಲ್ಲ. ನಿಜವಾಗಿ ಆದ ಕೆಲಸವನ್ನು ವಾರಕ್ಕೊಮ್ಮೆ ಅದೇ ಹಾಳೆಯಲ್ಲಿ ಕೆಂಪು ಪೆನ್ನಿನಿಂದ ಗುರುತಿಸುತ್ತೇನೆ. ಬ್ಲಾಕ್ ಗೆರೆ ಬಾಗಿತೆಂದರೆ, ಎಷ್ಟನೇ ಮಹಡಿಯಲ್ಲಿ ಪ್ಲಾಸ್ಟರಿಂಗ್‌ನವರು ಬಂದು ಮುಟ್ಟುತ್ತಾರೆ ಅಂತ ಮೊದಲೇ ಗೊತ್ತಾಗುತ್ತದೆ.

ಕೆಳಗಿನ ಮಹಡಿಗಳನ್ನು ಬೇಗ ಬಿಟ್ಟುಕೊಡಬೇಕು ಅಂತ ಕರಾರಿದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಆಗ ಗ್ಯಾಂಗ್ ಕೂತರೂ ಕೂರಲಿ ಅಂತ ಬೇಗ ಇಳಿಸುತ್ತೇನೆ, ಕಾಯುವ ದಿನಗಳ ಕೂಲಿಯನ್ನು ಮೊದಲೇ ರೇಟಿನಲ್ಲಿ ಸೇರಿಸಿರುತ್ತೇನೆ.