ಕ್ಯಾಥೋಡ್ ಹೊತ್ತಿಕೊಳ್ಳೋಕೆ ನಾಲ್ಕು ದಿನ

ಕೆಮಿಕಲ್ ಎಂಜಿನ್ ಕೆಲಸ ಬಿಟ್ಟು ಹಾಲ್ ಥ್ರಸ್ಟರ್ (ವಿದ್ಯುತ್ತಿನಿಂದ ಅನಿಲ ಚಿಮ್ಮಿಸಿ ಉಪಗ್ರಹ ತಳ್ಳೋ ಎಂಜಿನ್) ಟೆಸ್ಟಿಂಗ್‌ಗೆ ಬಂದಾಗ ಕಷ್ಟ ಇರೋದೆಲ್ಲ ಥ್ರಸ್ಟ್, ಅಂದ್ರೆ ತಳ್ಳೋ ಬಲ, ಅಳೆಯೋದ್ರಲ್ಲಿ ಅಂದ್ಕೊಂಡಿದ್ದೆ, ಯಾಕಂದ್ರೆ ಒಂದೂವರೆ ಕಿಲೋವಾಟ್ ಹತ್ರ ಪವರ್ ಕೊಟ್ರೂ ಬರೋದು 80 ಮಿಲಿನ್ಯೂಟನ್ ಆಸುಪಾಸು, ಅಂಗೈ ಮೇಲೆ ಎಂಟು ಗ್ರಾಂ ತೂಕ ಇಟ್ಟಷ್ಟು. ಆದ್ರೆ ನಮ್ಮನ್ನ ಕಾಡಿದ್ದು ಪಕ್ಕದಲ್ಲಿರೋ ಬೆರಳು ಗಾತ್ರದ ಕ್ಯಾಥೋಡ್.

ಅದು ಎಲೆಕ್ಟ್ರಾನ್ ಕೊಡ್ಲಿಲ್ಲ ಅಂದ್ರೆ ಏನೂ ಇಲ್ಲ. ಆ ಎಲೆಕ್ಟ್ರಾನ್‌ಗಳು ಆನೋಡ್ ಕಡೆ ಓಡುವಾಗ ಅಯಸ್ಕಾಂತ ಕ್ಷೇತ್ರ ಅವನ್ನ ಹಿಡಿದು ಚಾನೆಲ್ ಒಳಗೇ ಸುತ್ತಿಸುತ್ತೆ, ಹಂಗೆ ಸುತ್ತೋವಾಗ ಕ್ಸೆನಾನ್ ಅನಿಲದ ಪರಮಾಣುಗಳಿಗೆ ಬಡಿದು ಅವನ್ನ ಅಯಾನ್ (ವಿದ್ಯುದಾವೇಶ ಇರೋ ಕಣ) ಮಾಡ್ತವೆ, 300 ವೋಲ್ಟ್ ಆ ಅಯಾನ್‌ಗಳನ್ನ ಸೆಕೆಂಡಿಗೆ 15 ಕಿಲೋಮೀಟರ್‌ಗೂ ಮೀರಿ ಹೊರಗೆ ತಳ್ಳುತ್ತೆ. ಕೆಮಿಕಲ್‌ನಲ್ಲಿ ಈ ವೇಗ ಮೂರು ಕಿಲೋಮೀಟರ್ ಸುತ್ತಮುತ್ತ, ಅದಕ್ಕೇ ಇಲ್ಲಿ ಇಂಧನ ಅಷ್ಟು ಉಳಿಯೋದು.

ಮೊದಲ ದಿನ ಟೆಸ್ಟ್ ಚೇಂಬರ್‌ನಿಂದ ಗಾಳಿಯೆಲ್ಲ ಪಂಪ್ ಮಾಡಿ ತೆಗೆದು, ಹೀಟರ್ ಹಾಕಿ, ಗ್ಯಾಸ್ ಬಿಟ್ಟು, ಕೀಪರ್‌ಗೆ (ಕ್ಯಾಥೋಡ್ ಹೊತ್ತಿಸೋಕೆ ಅದರ ಮುಂದೆ ಇರೋ ಎಲೆಕ್ಟ್ರೋಡ್) ವೋಲ್ಟೇಜ್ ಕೊಟ್ವಿ. ಹೊತ್ತಿಕೊಳ್ಳಲಿಲ್ಲ. ಹೀಟರ್ ಕರೆಂಟ್ ಸ್ವಲ್ಪ ಏರಿಸಿದ್ವಿ, ಒಂದ್ಸಲ ಮಿಂಚಿ ಆರಿಹೋಯ್ತು. ಎಲ್ಲರೂ ಪವರ್ ಸಪ್ಲೈ ಮೇಲೆ ಅನುಮಾನ ಪಟ್ರು, ನಾನೂ ಎರಡು ದಿನ ಕೇಬಲ್ ಚೆಕ್ ಮಾಡ್ತಾ ಕೂತೆ. ನಮ್ಮದು ಬೇರಿಯಂ ತುಂಬಿದ ಟಂಗ್‌ಸ್ಟನ್ ಇರೋ ಕ್ಯಾಥೋಡ್, ಅದಕ್ಕೆ ಆಕ್ಸಿಜನ್ನು ನೀರಾವಿ ಅಂದ್ರೆ ವಿಷ. ಕ್ಸೆನಾನ್ ಸಿಲಿಂಡರ್ ಮೇಲೆ 99.999% ಶುದ್ಧ ಅಂತ ಬರೆದಿತ್ತು ಸರಿ, ಆದ್ರೆ ಸಿಲಿಂಡರ್‌ನಿಂದ ಕ್ಯಾಥೋಡ್‌ವರೆಗಿನ ಪೈಪ್ ಶುದ್ಧವಾಗಿದೆಯಾ ಅಂತ ಯಾರೂ ಕೇಳಿರ್ಲಿಲ್ಲ. ಲೀಕ್ ಹುಡುಕೋಕೆ ಹೀಲಿಯಂ ಅನಿಲ ಹಿಡಿದು ಒಂದೊಂದೇ ಜಾಯಿಂಟ್ ನೋಡ್ತಾ ಹೋದಾಗ ಫ್ಲೋ ಕಂಟ್ರೋಲರ್ ಹಿಂದಿನ ಫಿಟ್ಟಿಂಗ್‌ನಲ್ಲಿ ಸಣ್ಣ ಲೀಕ್ ಸಿಕ್ತು, ಕಣ್ಣಿಗೆ ಕಾಣೋದಲ್ಲ, ಕಿವಿಗೆ ಕೇಳೋದಲ್ಲ.

ಫಿಟ್ಟಿಂಗ್ ಬದಲಾಯಿಸಿ, ಪೈಪಿಗೆ ಹೀಟಿಂಗ್ ಟೇಪ್ ಸುತ್ತಿ ರಾತ್ರಿಯಿಡೀ ವ್ಯಾಕ್ಯೂಮ್‌ನಲ್ಲಿ ಬೇಯಿಸಿದ್ವಿ, ಆಮೇಲೆ ಕ್ಸೆನಾನ್ ತುಂಬಿಸಿ ಖಾಲಿ ಮಾಡಿ, ಮತ್ತೆ ತುಂಬಿಸಿ ಖಾಲಿ ಮಾಡಿ. ಹಳೇ ಕ್ಯಾಥೋಡ್ ತೆಗೆದು ಹೊಸದು ಹಾಕಿದ್ವಿ. ಈ ಸಲ ಹೀಟರ್‌ನ ಅವಸರ ಮಾಡದೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ್ವಿ, ಪ್ರತಿ ಮೆಟ್ಟಿಲಲ್ಲೂ ಚೇಂಬರ್ ಪ್ರೆಶರ್ ಏರಿ ಇಳಿಯೋವರೆಗೂ ಕಾಯೋದು, ಒಳಗಿನ ತೇವ ಹೋಗಬೇಕಲ್ಲ. ನಾಲ್ಕನೇ ದಿನ ಸಂಜೆ ಕೀಪರ್ ಕರೆಂಟ್ ಏರಿ ನಿಂತೇ ಬಿಡ್ತು. ಆನೋಡ್ ಆನ್ ಮಾಡಿದ ತಕ್ಷಣ ಕಿಟಕಿ ತುಂಬಾ ನೀಲಿ ಬೆಳಕು, ನನಗೆ ಮಾತೇ ಹೊರಡಲಿಲ್ಲ.

ಈ ಕಿರಿಕಿರಿ ಪಟ್ಟಿದ್ದು ವ್ಯರ್ಥ ಅಂತ ನಂಗೆ ಅನ್ನಿಸಿಲ್ಲ. 2001ರಲ್ಲಿ ಹಾರಿದ ಯೂರೋಪಿನ ಆರ್ಟೆಮಿಸ್ ಉಪಗ್ರಹ ರಾಕೆಟ್ ಕೈಕೊಟ್ಟು ಕೆಳಗಿನ ಕಕ್ಷೆಯಲ್ಲೇ ಉಳಿದಾಗ, ಜಾಗದಲ್ಲಿ ನಿಲ್ಲಿಸೋಕೆ ಅಂತ ಇಟ್ಟಿದ್ದ ಅಯಾನ್ ಥ್ರಸ್ಟರ್‌ಗಳೇ ಕೊನೆಯ ಸುಮಾರು 5,000 ಕಿಲೋಮೀಟರ್ ಅದನ್ನ ಮೇಲಕ್ಕೆ ತಳ್ಳಿದ್ದು, ದಿನಕ್ಕೆ ಹದಿನೈದು ಕಿಲೋಮೀಟರ್‌ನಂತೆ, 2003ರ ಜನವರಿಗೆ ಸ್ಥಾನ ಮುಟ್ತು. ಅಲ್ಲಿ ಹೋಗಿ ಫಿಟ್ಟಿಂಗ್ ಬಿಗಿ ಮಾಡೋಕೆ ಆಗಲ್ಲ. ಈಗ ನಮ್ಮ ಟೆಸ್ಟ್ ಶೀಟ್‌ನಲ್ಲಿ ಥ್ರಸ್ಟರ್ ಹೆಸರಿಗಿಂತ ಮೊದಲು ಪೈಪಿನ ಲೀಕ್ ರೀಡಿಂಗ್ ಬರೀತೀವಿ.