ಚಂದ್ರವಳ್ಳಿಯಲ್ಲಿ ಶರದೃತು ನೋಡುವ ಬಗೆ

ಶರತ್ಕಾಲವೆಂದರೆ ಎಲೆ ಉದುರುವುದು ಎಂದು ಮೊಬೈಲಿನ ಚಿತ್ರ ನೋಡಿ ಬರುವವರು ಚಿತ್ರದುರ್ಗದಲ್ಲಿ ನಿರಾಶರಾಗುತ್ತಾರೆ. ನಮ್ಮ ಕುರುಚಲು ಕಾಡು ಎಲೆ ಉದುರಿಸುವುದು ಶಿಶಿರದಲ್ಲಿ. ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ಇಲ್ಲಿ ನೋಡಬೇಕಾದದ್ದು ಹೂವು, ಹುಲ್ಲು, ಕಾಯಿ.

ದಸರಾ ಮುಗಿದ ವಾರ, ಊರಿನ ಪಕ್ಕದ ಚಂದ್ರವಳ್ಳಿಗೆ ಬೆಳಗ್ಗೆ ಏಳರೊಳಗೆ ಹೋಗಿ. ಬಂಡೆ ಕಾದ ಮೇಲೆ ಚಿಟ್ಟೆಯೂ ಇಲ್ಲ, ನೆರಳೂ ಇಲ್ಲ. ಮೊದಲು ಕೆರೆಯ ಬದಿಗೆ ನಡೆಯಿರಿ. ಕದಂಬ ಮಯೂರಶರ್ಮನ ಶಾಸನ ಈ ಕೆರೆಯ ವಿಷಯವನ್ನೇ ಹೇಳುತ್ತದೆ. ಅದನ್ನು ನೋಡದೆ ಬಂದರೆ ನನಗೆ ಸಿಟ್ಟು ಬರುತ್ತದೆ. ದಾರಿಯ ಬದಿಯ ಹಳದಿ ಹೂವು ತಂಗಡಿ. ಬೇಲಿಗೆ ಹಬ್ಬಿ, ಎಲೆಯ ತುದಿಯನ್ನೇ ಸುರುಳಿ ಮಾಡಿಕೊಂಡು ಹಿಡಿದುಕೊಂಡಿರುವ ಬಳ್ಳಿ ಸಿಕ್ಕರೆ ಅದು ಅಗ್ನಿಶಿಖೆ. ಒಂದೇ ಬಳ್ಳಿಯಲ್ಲಿ ಹಳದಿ ಹೂವು, ಕೆಂಪು ಹೂವು ಎರಡೂ ಇರುತ್ತವೆ. ಅರಳಿದ ಹೂವು ದಿನ ಕಳೆದಂತೆ ಕೆಂಪೇರುತ್ತದೆ. ಮಕ್ಕಳು ಕೀಳದಂತೆ ನೋಡಿಕೊಳ್ಳಿ. ಗಡ್ಡೆಯಂತೂ ಪ್ರಾಣ ತೆಗೆಯುವಷ್ಟು ವಿಷ.

ಕೊನೆಗೆ ಸೀತಾಫಲ. ಬೆಟ್ಟದ ಗಿಡದಿಂದ ಕೀಳಬೇಡಿ, ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯರಿಂದ ಕೊಳ್ಳಿ. ಕಣ್ಣುಗಳು ಅಗಲವಾಗಿ, ನಡುವಿನ ಗೆರೆ ಕೆನೆಬಣ್ಣಕ್ಕೆ ತಿರುಗಿದ್ದರೆ ಕಾಯಿ ಬಲಿತಿದೆ. ಅಕ್ಕಿ ಡಬ್ಬದಲ್ಲಿ ಎರಡು ಮೂರು ದಿನ ಇಟ್ಟರೆ ಹಣ್ಣಾಗುತ್ತದೆ. ಗೆರೆ ಹಸಿರಾಗಿಯೇ ಇದ್ದರೆ ಕಪ್ಪಾಗಿ ಒಣಗುತ್ತದೆಯೇ ಹೊರತು ಮೆದುವಾಗುವುದಿಲ್ಲ. ಹೋದ ವರ್ಷ ಚೌಕಾಸಿಯ ಹುರುಪಿನಲ್ಲಿ ಹಾಗೆ ಒಂದು ಡಜನ್ ತಂದು, ಹನ್ನೊಂದನ್ನು ತಿಪ್ಪೆಗೆ ಎಸೆದೆ.